ಟ್ರ್ಯಾಕ್ ಡೇಗೆ ಕಾರು ಸಜ್ಜುಗೊಳಿಸುವುದು: ಕಲಬುರಗಿಯಿಂದ ಹೊರಡುವವರಿಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ರೇಸ್ ಟ್ರ್ಯಾಕ್ ಇಲ್ಲವಾದ್ದರಿಂದ, ಪೋಲೊ ಜಿಟಿ, ಐ-20 ಎನ್ ಲೈನ್ ಅಥವಾ ಆಕ್ಟೇವಿಯಾ ಆರ್‌ಎಸ್‌ನಂಥ ಚುರುಕಾದ ಕಾರು ಇಟ್ಟುಕೊಂಡವರು ಟ್ರ್ಯಾಕ್ ಡೇಗೆಂದು (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ) ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುವುದುಂಟು. ಚೆನ್ನೈಗೇ ಇಲ್ಲಿಂದ ಸುಮಾರು 700 ಕಿ.ಮೀ. ದಾರಿ. ಅಷ್ಟು ದೂರ ಹೆದ್ದಾರಿಯಲ್ಲಿ ಓಡಿದ ಕಾರೇ 3.7 ಕಿ.ಮೀ. ಉದ್ದದ ಆ ಟ್ರ್ಯಾಕಿನಲ್ಲಿ ದಿನವಿಡೀ ದುಡಿದು, ಮರಳಿ ನಮ್ಮನ್ನು ಮನೆ ಮುಟ್ಟಿಸಬೇಕು. ಆದ್ದರಿಂದ ರೀಮ್ಯಾಪ್ (ಎಂಜಿನ್‌ನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು), ದೊಡ್ಡ ಸೈಲೆನ್ಸರ್ ಮುಂತಾದವುಗಳಿಗೆ ಹಣ ಸುರಿಯುವ ಮೊದಲು ಬ್ರೇಕ್, ಟೈರ್ ಮತ್ತು ಕೂಲಿಂಗ್ ಕಡೆ ಗಮನ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲಕ್ಕಿಂತ ಮೊದಲು ಬ್ರೇಕ್. ವೇಗ ಎರಡು ಪಟ್ಟಾದರೆ ಕಾರನ್ನು ನಿಲ್ಲಿಸಲು ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಶಕ್ತಿ ಬಹುಪಾಲು ಚಕ್ರದ ಜೊತೆ ತಿರುಗುವ ಡಿಸ್ಕ್ ಮತ್ತು ಅದನ್ನು ಒತ್ತಿ ಹಿಡಿಯುವ ಪ್ಯಾಡ್‌ಗಳಲ್ಲಿ ಶಾಖವಾಗಿ ಸೇರುತ್ತದೆ. ಊರಿನ ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಾಕಿದ ಮೇಲೆ ಡಿಸ್ಕ್ ತಣ್ಣಗಾಗಲು ಸಮಯ ಸಿಗುತ್ತದೆ, ಟ್ರ್ಯಾಕಿನಲ್ಲಿ ಮಾತ್ರ ಮುಂದಿನ ತಿರುವು ಅಷ್ಟರಲ್ಲೇ ಬಂದಿರುತ್ತದೆ. ಹೀಗೆ ಏರಿದ ಶಾಖ ಬ್ರೇಕ್ ಆಯಿಲ್‌ಗೆ ತಲುಪಿ ಅದು ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ಆವಿ ಅದುಮಿದಷ್ಟೂ ಕುಗ್ಗುವುದರಿಂದ ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ, ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಹಳೆಯದಾದಂತೆ ಆ ಮಿತಿ 155 ಡಿಗ್ರಿಯವರೆಗೂ ಇಳಿಯಬಹುದು. ಡಾಟ್ 5.1ರಲ್ಲಿ ಈ ಅಂಕಿಗಳು 260 ಮತ್ತು 180. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್; ಹೆಸರು ಹತ್ತಿರವಿದೆಯೆಂದು ಅದನ್ನು ಎಂದಿಗೂ ಬೆರೆಸಬಾರದು.

ಹೊರಡುವ ವಾರದಲ್ಲೇ ಹಳೆಯ ಆಯಿಲ್ ಪೂರ್ತಿ ತೆಗೆಸಿ, ಹೊಸದಾಗಿ ತೆರೆದ ಡಬ್ಬಿಯದನ್ನೇ ಹಾಕಿಸಿ. ಮಿಸ್ತ್ರಿ ಬ್ರೇಕ್ ಪೈಪುಗಳಲ್ಲಿ ಸೇರಿದ ಏರ್ ತೆಗೆಯುವಾಗ ನೀವು ಪಕ್ಕದಲ್ಲಿದ್ದರೆ ಒಳ್ಳೆಯದು. ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್‌ನಲ್ಲಿ ಏರ್ ಬಿಡಲೆಂದಿರುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಮಿಸ್ತ್ರಿ "ಒತ್ರಿ" ಎಂದಾಗ ಪೆಡಲ್ ನಿಧಾನವಾಗಿ ಒತ್ತಬೇಕು, ಅವನು ನಿಪ್ಪಲ್ ಬಿಗಿ ಮಾಡಿ "ಬಿಡ್ರಿ" ಎನ್ನುವವರೆಗೂ ಕಾಲು ಎತ್ತಬಾರದು. ಮೊದಲೇ ಎತ್ತಿದರೆ ಏರ್ ಮತ್ತೆ ಒಳಗೆ ಹೋಗುತ್ತದೆ. ಪೈಪಿನಲ್ಲಿ ಮೊದಲು ಚಹಾ ಬಣ್ಣದ ಆಯಿಲ್ ಬರುತ್ತದೆ, ಅದು ತಿಳಿಯಾಗಿ ಗುಳ್ಳೆಗಳು ನಿಂತ ಮೇಲೆ ಮುಂದಿನ ಚಕ್ರಕ್ಕೆ ಹೋಗಬಹುದು. ನಡುವೆ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಬೇಕು. ಚಕ್ರಗಳ ಕ್ರಮಕ್ಕೆ ಕಾರಿನ ಮ್ಯಾನ್ಯುಯಲ್ಲೇ ಪ್ರಮಾಣ.

ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ. ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳುವವರೆಗೂ ಪೂರ್ತಿ ಹಿಡಿತ ಕೊಡುವುದಿಲ್ಲವಾದ್ದರಿಂದ ಈ ಕೆಲಸ ಕೊನೆಯ ದಿನಕ್ಕೆ ಉಳಿಯಬಾರದು. ರಾತ್ರಿ ಹೊತ್ತು ರಿಂಗ್ ರೋಡಿನಲ್ಲಿ ವೇಗ ಪರೀಕ್ಷಿಸುವ ಚಾಳಿಯನ್ನಂತೂ ಬಿಡಲೇಬೇಕು: ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅದು ಅಪರಾಧ, ಮೇಲಾಗಿ ಆ ದಾರಿಯಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳೂ ದನಗಳೂ ಇರುತ್ತವೆ.

ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಿ. 2323 ಎಂದಿದ್ದರೆ ಅದು 2023ರ 23ನೇ ವಾರದಲ್ಲಿ ತಯಾರಾದದ್ದು. ಬಿಸಿಲಿಗೆ ನಿಂತು ಬಿರುಕುಬಿಟ್ಟ ಟೈರ್, ಕಟ್ಟೆಗೆ ತಾಗಿ ಉಬ್ಬಿದ ಟೈರ್ ಬೇಡವೇ ಬೇಡ. ಟ್ರ್ಯಾಕಿನಲ್ಲಿ ಟೈರ್ ಕಾದಂತೆ ಒಳಗಿನ ಹವಾ ಹಿಗ್ಗುತ್ತದೆ. ಉಷ್ಣತೆ ಸುಮಾರು 5-6 ಡಿಗ್ರಿ ಏರಿದರೆ ಒತ್ತಡ 1 ಪಿಎಸ್‌ಐನಷ್ಟು ಏರುತ್ತದೆ. ಹೀಗಾಗಿ ಸ್ವಂತ ಗೇಜ್ ಇಟ್ಟುಕೊಂಡು, ಸುತ್ತುಗಳ ಪ್ರತಿ ಸರದಿ ಮುಗಿದ ಕೂಡಲೇ ನಾಲ್ಕೂ ಟೈರ್ ಅಳೆದು, ಏರಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು.

ನಮ್ಮ ಭಾಗದ ಕಾರುಗಳಿಗೇ ವಿಶೇಷವಾದ ತೊಂದರೆ ರೇಡಿಯೇಟರ್‌ನದು. ಸೇಡಂ, ಶಹಾಬಾದ್ ಕಡೆಯ ಸಿಮೆಂಟ್ ಮತ್ತು ಕಲ್ಲಿನ ಧೂಳು, ತೊಗರಿ ರಾಶಿಯ ಕಾಲದಲ್ಲಿ ರಸ್ತೆ ಮೇಲೆ ಹಾರುವ ಹೊಟ್ಟು, ಮಳೆಗಾಲದ ಎರೆಮಣ್ಣು ಇವೆಲ್ಲ ಅದರ ತೆಳು ರೆಕ್ಕೆಗಳ ನಡುವೆ ಕೂತು ಗಾಳಿಯನ್ನು ತಡೆಯುತ್ತವೆ. ದಿನನಿತ್ಯದ ಓಡಾಟದಲ್ಲಿ ಇದು ಗೊತ್ತಾಗದು, ಮೂರನೇ ಗೇರಿನಲ್ಲಿ ಆರ್‌ಪಿಎಂ ಮೀಟರಿನ ಕೆಂಪು ಗೆರೆಯ ತನಕ ಎಳೆಯುವಾಗ ಗೊತ್ತಾಗುತ್ತದೆ. ಎಂಜಿನ್ ತಣ್ಣಗಿರುವಾಗ ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಜೋರಾದ ವಾಷರ್ ಹಿಡಿದರೆ ರೆಕ್ಕೆಗಳು ಮಡಚುತ್ತವೆ. ಎಂಜಿನ್ ಆಯಿಲ್ ಹೊಸದಿರಲಿ, ಮಟ್ಟ ಮೇಲಿನ ಗುರುತಿಗೆ ಹತ್ತಿರವಿರಲಿ, ಆದರೆ ಅದನ್ನು ದಾಟದಿರಲಿ.

ಚಕ್ರದ ನಟ್ಟುಗಳನ್ನು ಟಾರ್ಕ್ ಪಾನಾದಿಂದ (ಬಿಗಿಯನ್ನು ಅಳೆದು ತೋರಿಸುವ ಪಾನಾ) ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ. ಬ್ಯಾಟರಿ ಅಲುಗಬಾರದು. ಡ್ರೈವರ್ ಬದಿಯ ಮ್ಯಾಟ್, ನೀರಿನ ಬಾಟಲಿ, ಜಾಕ್, ಸ್ಟೆಪ್ನಿ ಎಲ್ಲವನ್ನೂ ಟ್ರ್ಯಾಕ್ ತಲುಪಿದ ಮೇಲೆ ಹೊರಗಿಡಿ. ನಮ್ಮ ಸಾಮಾನ್ಯ ವಾಹನ ವಿಮೆ ರೇಸಿಂಗ್ ಮತ್ತು ವೇಗ ಪರೀಕ್ಷೆಯಲ್ಲಾದ ಹಾನಿಗೆ ಪರಿಹಾರ ಕೊಡುವುದಿಲ್ಲ ಎಂಬುದನ್ನು ಮನೆಯವರಿಗೂ ತಿಳಿಸಿಯೇ ಹೊರಡುವುದು ಮೇಲು.

ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ನಿಧಾನವಾಗಿ ಓಡಿಸಿ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಕಾರನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಪ್ಯಾಡ್ ಒಂದೇ ಕಡೆ ಒತ್ತಿಕೊಂಡು ನಿಂತರೆ ಡಿಸ್ಕ್ ಮೇಲೆ ಕಲೆ ಉಳಿದು ಮುಂದೆ ಪೆಡಲ್ ನಡುಗುತ್ತದೆ. ಸಂಜೆ ಟ್ರ್ಯಾಕಿನಿಂದ ಹೊರಬೀಳುವ ಮೊದಲು ಪ್ಯಾಡ್ ದಪ್ಪ, ಡಿಸ್ಕಿನ ಬಿರುಕು, ನಟ್ಟು, ಆಯಿಲ್ ಮಟ್ಟ ನೋಡಿ. ಪೆಡಲ್ ಮೆತ್ತಗಾಗಿದ್ದರೆ ಅಲ್ಲೇ ಮತ್ತೊಮ್ಮೆ ಏರ್ ತೆಗೆಸಿ, ಟೈರ್ ತಣಿದ ಮೇಲೆ ಬಿಟ್ಟ ಹವಾ ತುಂಬಿಸಿ, ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ.