‘ಸ್ಕಿಡ್’ ಪದವನ್ನು ಕನ್ನಡಕ್ಕೆ ತರುವಾಗ: ನನ್ನ ಅನುಭವ

ವಾಹನ ಮತ್ತು ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಇದರಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಪದ ‘ಸ್ಕಿಡ್’. ಮೊದಲು ‘ಜಾರು’ ಅಂತ ಬರೆದರೆ ಆಯಿತು ಅಂದುಕೊಂಡಿದ್ದೆ.

ಕಾರು ಓಡಿಸುವವರ ಕೈಪಿಡಿಯೊಂದರಲ್ಲಿ, ಗಾಡಿ ಸ್ಕಿಡ್ ಆದಾಗ ಸ್ಟೇರಿಂಗ್ ಎತ್ತ ತಿರುಗಿಸಬೇಕು ಅನ್ನುವ ಸಾಲು ಇತ್ತು. ‘ಜಾರುವ ಕಡೆಗೇ ತಿರುಗಿಸಿ’ ಅಂತ ಬರೆದೆ. ಕರಡು ಓದಿದ ಡ್ರೈವರ್ ಒಬ್ಬರು ಕೇಳಿದರು: “ಯಾವುದು ಜಾರುವ ಕಡೆಗೆ ಸಾರ್? ಮುಂದಿನ ಚಕ್ರವೋ, ಹಿಂದಿನದೋ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂಲದಲ್ಲೂ ಇರಲಿಲ್ಲ. ಇಂಥ ಸಾಲನ್ನು ತಪ್ಪಾಗಿ ತಿಳಿದರೆ ಜೀವಕ್ಕೇ ಕುತ್ತು ಅಲ್ವಾ? ಅವತ್ತಿನಿಂದ ಪದಕ್ಕಿಂತ ಮೊದಲು ಚಕ್ರವನ್ನು ನೋಡಲು ಕಲಿತೆ.

ಚಕ್ರ ಸರಿಯಾಗಿ ಉರುಳುವಾಗ, ರಸ್ತೆಗೆ ತಾಗಿದ ಅದರ ಭಾಗ ಆ ಕ್ಷಣಕ್ಕೆ ರಸ್ತೆಯ ಮೇಲೆ ನಿಂತೇ ಇರುತ್ತದೆ. ಅದಕ್ಕೇ ಹಿಡಿತ ಚೆನ್ನಾಗಿರುತ್ತದೆ. ಬ್ರೇಕ್ ಜೋರಾಗಿ ಒತ್ತಿ ಚಕ್ರ ಲಾಕ್ ಆದರೆ, ಅಂದರೆ ಉರುಳದೆ ನಿಂತುಬಿಟ್ಟರೆ, ಟೈರು ರಸ್ತೆಯನ್ನು ಉಜ್ಜುತ್ತಾ ಹೋಗುತ್ತದೆ. ಆಗ ಹಿಡಿತ ಕಡಿಮೆಯಾಗುತ್ತದೆ. ಮುಂದಿನ ಚಕ್ರಗಳು ಲಾಕ್ ಆದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಎಬಿಎಸ್ (ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಬ್ರೇಕ್ ವ್ಯವಸ್ಥೆ) ಇರುವ ಗಾಡಿಯಲ್ಲಿ ಬ್ರೇಕ್ ಸೆಕೆಂಡಿಗೆ ಹಲವು ಸಲ ಸಡಿಲವಾಗಿ ಮತ್ತೆ ಹಿಡಿಯುವುದು ಇದಕ್ಕೇ. ಚಕ್ರ ಉರುಳುತ್ತಲೇ ಇರಬೇಕು.

ಇಷ್ಟು ತಿಳಿದ ಮೇಲೆ ಆ ಸಾಲನ್ನು ಎರಡಾಗಿ ಒಡೆದೆ. ‘ಗಾಡಿಯ ಹಿಂಭಾಗ ಬಲಕ್ಕೆ ಜಾರಿದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಿ, ಎಡಕ್ಕೆ ಜಾರಿದರೆ ಎಡಕ್ಕೆ.’ ‘ಮುಂದಿನ ಚಕ್ರ ಹಿಡಿತ ಬಿಟ್ಟು ಗಾಡಿ ತಿರುಗದೇ ಹೋದರೆ, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟೇರಿಂಗನ್ನು ಇನ್ನೂ ಜಾಸ್ತಿ ತಿರುಗಿಸಬೇಡಿ.’ ಒಂದು ಸಾಲಿದ್ದದ್ದು ಎರಡು ಉದ್ದ ಸಾಲಾಯಿತು. ಆಗಲಿ, ಓದಿದವರಿಗೆ ಕೈ ಎತ್ತ ಹೋಗಬೇಕು ಅಂತ ಗೊತ್ತಾಗಬೇಕು.

ಇನ್ನೊಂದು ತಪ್ಪು ಯಂತ್ರದ ಪಟ್ಟಿಯಲ್ಲಾಯಿತು. ಅಲ್ಲಿ ಸ್ಕಿಡ್ ಮೇಲೆ ಕೂರಿಸಿದ ಪಂಪು ಇತ್ತು. ನಾನು ‘ಜಾರುವ ಪಂಪು’ ಅಂತ ಬರೆದುಬಿಟ್ಟೆ. ಅದು ಜಾರುವುದಿಲ್ಲ! ಪಂಪು, ಮೋಟಾರು, ಪೈಪು ಎಲ್ಲವನ್ನೂ ಒಂದೇ ಕಬ್ಬಿಣದ ಚೌಕಟ್ಟಿನ ಮೇಲೆ ಜೋಡಿಸಿ, ಇಡಿಯಾಗಿ ಎತ್ತಿ ಸಾಗಿಸುವಂತೆ ಮಾಡಿರುತ್ತಾರೆ. ಆ ಚೌಕಟ್ಟೇ ಸ್ಕಿಡ್.

ಒಂದೇ ಪದಕ್ಕೆ ಇಷ್ಟು ದೂರದ ಅರ್ಥಗಳು ಹೇಗೆ ಬಂದವು ಅಂತ ಹುಡುಕಿದಾಗ ನಿಜಕ್ಕೂ ಖುಷಿಯಾಯಿತು. 17ನೇ ಶತಮಾನದ ಇಂಗ್ಲಿಷಿನಲ್ಲಿ ಸ್ಕಿಡ್ ಅಂದರೆ ಭಾರದ ಅಡಿಗೆ ಇಡುವ ಮರದ ತೊಲೆ. ಆಮೇಲೆ, ಇಳಿಜಾರಿನಲ್ಲಿ ಗಾಡಿ ಓಡಿಹೋಗದಂತೆ ಚಕ್ರಕ್ಕೆ ಕೊಡುವ ಅಡ್ಡಕ್ಕೂ ಅದೇ ಹೆಸರಾಯಿತು. ಅಡ್ಡ ಕೊಟ್ಟ ಚಕ್ರ ಉರುಳುವುದಿಲ್ಲ, ಆದರೂ ಗಾಡಿ ಮುಂದೆ ಸಾಗುತ್ತದೆ. ಆ ಜಾರುವಿಕೆಗೆ ಸ್ಕಿಡ್ ಅನ್ನುವ ಮಾತು 19ನೇ ಶತಮಾನದಲ್ಲಿ ಬಂತು. ಅಂದರೆ ಗಾಡಿ ಓಡಿಹೋಗುವುದನ್ನು ತಡೆಯಲು ಇಟ್ಟ ಅಡ್ಡದ ಹೆಸರೇ ಜಾರುವುದಕ್ಕೂ ನಿಂತಿತು. ಹೆಲಿಕಾಪ್ಟರಿನ ಅಡಿಯಲ್ಲಿ ಚಕ್ರದ ಬದಲು ಇರುವ ಉದ್ದ ಕೊಳವೆಗಳೂ ಸ್ಕಿಡ್‌ಗಳೇ. ಅಮೆರಿಕದ ಕಾಡುಗಳಲ್ಲಿ ಅಡ್ಡಡ್ಡ ತೊಲೆ ಹಾಸಿ ದಿಮ್ಮಿ ಎಳೆಯುತ್ತಿದ್ದ ದಾರಿಗೂ ಇದೇ ಹೆಸರಿತ್ತು. ಅದರಿಂದ ಬಡವರ, ಮನೆಯಿಲ್ಲದವರ ಬೀದಿಗೆ ‘ಸ್ಕಿಡ್ ರೋ’ ಅನ್ನುವ ಮಾತು ಹುಟ್ಟಿತು. ಲಾಸ್ ಏಂಜಲೀಸಿನ ಒಂದು ಭಾಗಕ್ಕೆ ಇವತ್ತಿಗೂ ಆ ಹೆಸರಿದೆ.

ನಮ್ಮ ‘ಜಾರು’ ಬೇರೆ ದಾರಿಯಲ್ಲಿ ಬೆಳೆದ ಪದ. ಕಾಲು ಜಾರುತ್ತದೆ, ಮಾತು ಜಾರುತ್ತದೆ, ಕೆಲಸದಿಂದ ಜಾರಿಕೊಳ್ಳುವವರೂ ಇದ್ದಾರೆ. ಇದರಲ್ಲಿ ಎಲ್ಲೂ ಚಕ್ರ ಇಲ್ಲ. ಹಾಗಾಗಿ ಚಕ್ರದ ವಿಷಯ ಬಂದರೆ ಜನ ಹೇಳುವ ಹಾಗೆ ‘ಸ್ಕಿಡ್ ಆಯಿತು’ ಅಂತಲೇ ಬರೆಯುತ್ತೇನೆ. ಅದನ್ನು ಬಿಟ್ಟು ಸುಮ್ನೆ ಹೊಸ ಪದ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಒಂದೇ ಕಡೆ ಪದ ಕಟ್ಟಿದ್ದೇನೆ. ವಿಮಾನ ತಿರುಗುವಾಗ ‘ಸ್ಲಿಪ್’ ಮತ್ತು ‘ಸ್ಕಿಡ್’ ಬೇರೆ ಬೇರೆ. ತಿರುವಿನ ಒಳಗಡೆಗೆ ಜಾರಿದರೆ ಸ್ಲಿಪ್, ಹೊರಗಡೆಗೆ ಜಾರಿದರೆ ಸ್ಕಿಡ್. ಎರಡಕ್ಕೂ ‘ಜಾರು’ ಅಂತ ಬರೆದರೆ ಕಲಿಯುವವರಿಗೆ ಏನೂ ತಿಳಿಯದು. ‘ಒಳಜಾರು’, ‘ಹೊರಜಾರು’ ಅಂತ ಬರೆದೆ. ಪಕ್ಕದಲ್ಲಿ ಒಂದು ಚಿತ್ರವನ್ನೂ ಹಾಕಿಸಿದೆ.