ಜರ್ಮನಿಯಲ್ಲಿ ಕೆಲಸದಿಂದ ತೆಗೆದರೆ: ಸಹಿ ಬೇಡ, ಮೊದಲು ದಿನ ಎಣಿಸಿ

ನಮ್ಮ ಪರಿಚಯದ ಹಾಸನದ ಹುಡುಗನೊಬ್ಬನನ್ನು ಎಚ್‌ಆರ್‌ನವರು ಒಂದು ಮಧ್ಯಾಹ್ನ ಕರೆದರು. ಮೇಜಿನ ಮೇಲೆ ಎರಡು ಹಾಳೆ, ಪಕ್ಕದಲ್ಲೇ ಕ್ಯಾಪ್ ತೆಗೆದಿಟ್ಟ ಪೆನ್ನು. ಮೇಲಿನವರು ಕೊಟ್ಟ ಕಾಗದ ಅಂತ ಸುಮ್ನೆ ಸಹಿ ಹಾಕಿ ಬಂದ. ಅದು ಔಫ್‌ಹೇಬುಂಗ್ಸ್‌ಫೆರ್‌ಟ್ರಾಗ್. ಅಂದರೆ, ಕೆಲಸ ಬಿಡೋಕೆ ಅವನೇ ಒಪ್ಪಿದ ಹಾಗೆ. ನಿರುದ್ಯೋಗ ಭತ್ಯೆ ಸಾಮಾನ್ಯವಾಗಿ 12 ವಾರ ಸಿಗಲ್ಲ, ಕೋರ್ಟಿಗೆ ಹೋಗುವ ದಾರಿಯೂ ಹೆಚ್ಚುಕಡಿಮೆ ಮುಚ್ಚಿತು. ದಯವಿಟ್ಟು ಹೀಗೆ ಮಾಡಬೇಡಿ. 'ವಕೀಲರಿಗೆ ತೋರಿಸಿ ಬರ್ತೀನಿ' ಅಂತ ಹೇಳಿ ಎದ್ದು ಬನ್ನಿ, ಅದು ನಿಮ್ಮ ಹಕ್ಕು.

ಕಂಪನಿಯೇ ತೆಗೆದುಹಾಕುವ ಪತ್ರಕ್ಕೆ ಕ್ಯೂಂಡಿಗುಂಗ್ ಅಂತಾರೆ. ಅದು ಕಾಗದದಲ್ಲೇ ಇರಬೇಕು, ಕೈಯಲ್ಲಿ ಹಾಕಿದ ಸಹಿ ಇರಬೇಕು. ಇಮೇಲ್, ವಾಟ್ಸಾಪ್ ನಡೆಯಲ್ಲ. ಪತ್ರ ಕೈ ಸೇರಿದ ಮೇಲೆ ಮೂರು ವಾರದೊಳಗೆ ಆರ್ಬೈಟ್ಸ್‌ಗೆರಿಷ್ಟ್‌ನಲ್ಲಿ, ಅಂದರೆ ಕಾರ್ಮಿಕ ನ್ಯಾಯಾಲಯದಲ್ಲಿ, ದಾವೆ ಹೂಡಬೇಕು. ಗಡುವು ತಪ್ಪಿತೋ, ತಪ್ಪು ಕಾರಣಕ್ಕೆ ತೆಗೆದಿದ್ದರೂ ಅದೇ ಸರಿ ಅಂತಾಗಿಬಿಡುತ್ತದೆ.

ನಮ್ಮವರು ಎಡವುವುದು ಇಲ್ಲೇ. ಲೆಕ್ಕ ಶುರುವಾಗುವುದು ನೀವು ಪತ್ರ ಓದಿದ ದಿನದಿಂದಲ್ಲ, ಅದು ನಿಮ್ಮ ಅಂಚೆಡಬ್ಬಿಗೆ ಬಿದ್ದ ದಿನದಿಂದ. ನೀವು ನಾಲ್ಕು ವಾರ ರಜೆ ಹಾಕಿ ಬೆಂಗಳೂರಿನಲ್ಲಿ ಅಮ್ಮನ ಕೈ ಅಡುಗೆ ಉಣ್ಣುತ್ತಿದ್ದರೂ ದಿನ ಓಡುತ್ತಲೇ ಇರುತ್ತದೆ. ತಡವಾದದ್ದನ್ನು ಮನ್ನಿಸಿ ಅಂತ ಅರ್ಜಿ ಹಾಕಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಊರಿಗೆ ಹೊರಡುವಾಗ ಡಬ್ಬಿಯ ಕೀಲಿ ನಂಬಿಕೆಯ ಸ್ನೇಹಿತರ ಕೈಗೆ ಕೊಡಿ. ಇನ್ನೊಂದು ವಿಷಯ: 2025ರ ಜನವರಿಯಲ್ಲಿ ಜರ್ಮನಿಯ ಸರ್ವೋಚ್ಚ ಕಾರ್ಮಿಕ ನ್ಯಾಯಾಲಯ, ರಿಜಿಸ್ಟರ್ಡ್ ಅಂಚೆಯ ರಸೀದಿ ಮತ್ತು ಆನ್‌ಲೈನ್ ಸ್ಟೇಟಸ್ ಇಷ್ಟರಿಂದಲೇ ಪತ್ರ ತಲುಪಿತು ಅಂತ ಸಾಬೀತಾಗಲ್ಲ ಎಂದಿತು. ಹಾಗಾಗಿ ಕಂಪನಿಯವರು ಆಳು ಕಳಿಸಿ ನೇರ ಡಬ್ಬಿಗೇ ಹಾಕಿಸಬಹುದು. ಸ್ಟಾಂಪಿಲ್ಲದ ಕವರ್ ಕಂಡರೆ ಅವತ್ತೇ ತೆರೆಯಿರಿ, ಫೋಟೋ ತೆಗೆದು ತಾರೀಕು ಬರೆದಿಡಿ.

ವಕೀಲರನ್ನು ಹುಡುಕುವಾಗ 'ಫಾಖ್‌ಆನ್‌ವಾಲ್ಟ್ ಫ್ಯೂರ್ ಆರ್ಬೈಟ್ಸ್‌ರೆಷ್ಟ್' ಅನ್ನುವ ಪದವಿ ನೋಡಿ, ಇದೇ ಕಾನೂನಿನಲ್ಲಿ ಪಳಗಿದವರು. ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಮೊದಲ ಭೇಟಿಗೆ 190 ಯೂರೋ ಮತ್ತು ತೆರಿಗೆ, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಮೊದಲ ಹಂತದ ಕೋರ್ಟಿನಲ್ಲಿ ಗೆದ್ದರೂ ನಿಮ್ಮ ವಕೀಲರ ಫೀಸು ನಿಮ್ಮದೇ. ಅಷ್ಟು ದುಡ್ಡಿಲ್ಲವೇ? ವಕೀಲರಿಲ್ಲದೆಯೂ ಹೋಗಬಹುದು, ಕೋರ್ಟಿನ ರೆಷ್ಟ್ಸ್‌ಆನ್‌ಟ್ರಾಗ್‌ಸ್ಟೆಲ್ಲೆ ಅನ್ನುವ ಕಚೇರಿಯಲ್ಲಿ ನಿಮ್ಮ ದಾವೆ ಬರೆದುಕೊಳ್ಳುತ್ತಾರೆ.

ಆಮೇಲೆ ರಾಜಿ ಮಾತುಕತೆಗೆ ಕರೆಯುತ್ತಾರೆ, ಎಷ್ಟೋ ಕೇಸು ಅಲ್ಲೇ ಮುಗಿಯುತ್ತವೆ. ಕೆಲಸ ಬಿಡುವುದಕ್ಕೆ ಪರಿಹಾರವಾಗಿ, ದುಡಿದ ಒಂದೊಂದು ವರ್ಷಕ್ಕೆ ಅರ್ಧ ತಿಂಗಳ ಸಂಬಳ ಅನ್ನುವುದು ಅಲ್ಲಿನ ಬಾಯಿಲೆಕ್ಕ. ಅದು ತಾನಾಗಿ ಬರುವ ಹಕ್ಕಲ್ಲ, ಚೌಕಾಸಿ ಮಾಡಿ ಪಡೆಯಬೇಕು. ನೀವು ಕೆಲಸಕ್ಕೆ ಸೇರಿ ಆರು ತಿಂಗಳು ದಾಟಿದ್ದು, ಕಂಪನಿಯಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇದ್ದರೆ ನಿಮ್ಮ ಕೈ ಮೇಲು.

ಬ್ಲೂ ಕಾರ್ಡ್, ಅಂದರೆ ಓದಿದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸ-ಕೆಲಸದ ಪರವಾನಗಿ, ಇರುವವರು ಕೆಲಸ ಹೋದದ್ದನ್ನು ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಉದ್ಯೋಗ ಕಚೇರಿಗೆ ಇನ್ನೂ ಬೇಗ, ಸಾಮಾನ್ಯವಾಗಿ ಮೂರೇ ದಿನ. ಇನ್ನು 2026ರ ಜನವರಿಯಿಂದ, ಭಾರತದಂಥ ದೇಶಗಳಿಂದ ಜನ ಕರೆಸಿಕೊಳ್ಳುವ ಕಂಪನಿಯೇ, ಕೆಲಸಕ್ಕೆ ಸೇರಿದ ಮೊದಲ ದಿನದೊಳಗೆ, ಉಚಿತ ಕಾನೂನು ಸಲಹೆ ಎಲ್ಲಿ ಸಿಗುತ್ತದೆ ಅಂತ ಬರೆದು ತಿಳಿಸಬೇಕು. ಫೇರೆ ಇಂಟೆಗ್ರಾಟ್ಸಿಯೋನ್ ಅಂತ ಆ ಸಲಹಾ ಸೇವೆಯ ಹೆಸರು. ಆ ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.