ಕೆಲಸವಿಲ್ಲದ ಅವಧಿಯಲ್ಲಿ ಎಂಬಿಎ ಶುಲ್ಕವನ್ನು ಹೊಂದಿಸಿಕೊಂಡ ಬಗೆ

ದಾವಣಗೆರೆಯ ಖಾಸಗಿ ಹಣಕಾಸು ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಆ ಸಂಸ್ಥೆ ಇಲ್ಲಿನ ಶಾಖೆಯನ್ನು ಮುಚ್ಚಿದಾಗ, ಬಿ.ಕಾಂ. ಮುಗಿಸಿ ಕೆಲವು ವರ್ಷಗಳಾಗಿದ್ದ ನಾನು, ಅಷ್ಟೇ ಸಂಬಳದ ಮತ್ತೊಂದು ಕೆಲಸಕ್ಕೆ ಅಲೆಯುವುದಕ್ಕಿಂತ ಎಂಬಿಎ ಓದುವುದೇ ಸರಿ ಎಂದು ತೀರ್ಮಾನಿಸಿದೆ. ಜಗಳೂರು ತಾಲ್ಲೂಕಿನಲ್ಲಿರುವ ನಮ್ಮ ಮನೆಯದು ಮಳೆಯನ್ನೇ ನೆಚ್ಚಿಕೊಂಡ ಮೆಕ್ಕೆಜೋಳದ ಬೇಸಾಯ. ಶುಲ್ಕಕ್ಕಾಗಿ ಅಪ್ಪನ ಮುಂದೆ ಕೈಚಾಚುವ ಸ್ಥಿತಿ ಇರಲಿಲ್ಲ. ನೆರವಿಗಾಗಿ ವಿಚಾರಿಸತೊಡಗಿದಾಗ ಬೇಗನೆ ಅರ್ಥವಾದದ್ದೆಂದರೆ, ಕೆಲಸವಿಲ್ಲ ಎಂಬ ಕಾರಣವೊಂದರಿಂದಲೇ ಕಾಲೇಜು ಶುಲ್ಕ ಸಿಗುವ ದಾರಿ ನನ್ನ ಪಾಲಿಗೆ ಇರಲಿಲ್ಲ. ಹಿಂದುಳಿದ ವರ್ಗದವಳು, ಕಡಿಮೆ ಆದಾಯದ ಕುಟುಂಬದವಳು, ರೈತನ ಮಗಳು, ಸರ್ಕಾರಿ ಕೋಟಾದಲ್ಲಿ ಸೀಟು ಪಡೆದವಳು ಎಂಬ ನೆಲೆಗಳಿಂದಲೇ ನಾನು ನೆರವು ಕೇಳಬೇಕಾಗಿತ್ತು, ಮತ್ತು ಅವೆಲ್ಲವೂ ಪ್ರವೇಶ ಪಡೆದು ವಿದ್ಯಾರ್ಥಿಯಾದ ನಂತರ ಸಿಗುವಂಥವು. ಆದ್ದರಿಂದ ನನ್ನ ನಿಜವಾದ ಪ್ರಶ್ನೆ, ಪ್ರವೇಶದ ದಿನ ಕಟ್ಟಬೇಕಾದ ಹಣವನ್ನು ಎಲ್ಲಿಂದ ತರುವುದು ಎಂಬುದಾಗಿತ್ತು.

ಆ ಹಣ ನನ್ನ ಹಳೆಯ ಉದ್ಯೋಗದಿಂದಲೇ ಬಂತು. ಸಂಬಳ 21,000 ರೂಪಾಯಿಯೊಳಗೆ ಇದ್ದುದರಿಂದ ಪ್ರತಿ ತಿಂಗಳು ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ಕಡಿತವಾಗುತ್ತಿತ್ತು. ಇಎಸ್‌ಐ ಎಂದರೆ ಆಸ್ಪತ್ರೆ ಮಾತ್ರ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಆದರೆ 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ, ತಮ್ಮ ತಪ್ಪಿಲ್ಲದೆ ಕೆಲಸ ಕಳೆದುಕೊಂಡ ವಿಮಾದಾರರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು ಮೊತ್ತವನ್ನು ಗರಿಷ್ಠ 90 ದಿನಗಳವರೆಗೆ ಕೊಡುತ್ತಿದ್ದರು. ಇದರೊಂದಿಗೆ ಭವಿಷ್ಯ ನಿಧಿಯೂ ಇತ್ತು. ನಾನು ಅರ್ಜಿ ಹಾಕಿದಾಗ ಇದ್ದ ನಿಯಮದಂತೆ, ಕೆಲಸವಿಲ್ಲದೆ ಒಂದು ತಿಂಗಳು ಕಳೆದ ಮೇಲೆ ಖಾತೆಯ ಶೇ. 75ರಷ್ಟನ್ನು ಹಿಂಪಡೆಯಬಹುದಾಗಿತ್ತು. ಇಎಸ್‌ಐ ಹಣದಲ್ಲಿ ಎಂಬಿಎ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಯ ತಯಾರಿಯ ತಿಂಗಳುಗಳ ಕೋಣೆ ಬಾಡಿಗೆ ಸಾಗಿತು, ಭವಿಷ್ಯ ನಿಧಿಯ ಹಣವನ್ನು ಶುಲ್ಕಕ್ಕೆಂದು ಮುಟ್ಟದೆ ಇರಿಸಿದೆ. ನಿವೃತ್ತಿಯ ಹಣವನ್ನು ಹೀಗೆ ತೆಗೆಯಬಾರದು ಎಂದು ಹೇಳಿದವರಿದ್ದರು. ಬಡ್ಡಿಗೆ ಕೈಸಾಲ ಮಾಡುವುದಕ್ಕಿಂತ ಅದು ಮೇಲು ಎಂಬ ನನ್ನ ಲೆಕ್ಕ ಇಂದಿಗೂ ಬದಲಾಗಿಲ್ಲ.

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಊರಿನಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಆ ಯೋಜನೆ 2022–23ರಲ್ಲಿ ತೇರ್ಗಡೆಯಾದವರಿಂದ ಆರಂಭವಾದದ್ದರಿಂದ ನನಗೆ ಅನ್ವಯಿಸಲಿಲ್ಲ. ನಮ್ಮ ಚಿಕ್ಕಪ್ಪನ ಮಗ ಮಾತ್ರ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಅದನ್ನು ಪಡೆಯುತ್ತಿದ್ದ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಆ ಭತ್ಯೆ ಇಲ್ಲ, ಓದುತ್ತಿಲ್ಲವೆಂದು ಸ್ವಯಂ ಘೋಷಣೆಯನ್ನೂ ಕೊಡುತ್ತಿರಬೇಕು. ಎಂ.ಎ. ಸೇರಿದರೆ ಹಣ ನಿಲ್ಲುತ್ತದೆ ಎಂಬ ಅಂಜಿಕೆಯಿಂದ ಅವನು ಹಿಂದೆ ಸರಿಯುತ್ತಿದ್ದ. ಗರಿಷ್ಠ ಎರಡು ವರ್ಷ ಸಿಗುವ ಭತ್ಯೆಗಾಗಿ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ಬಿಡುವುದು ನನಗೆ ಒಪ್ಪುವ ಮಾತಲ್ಲ. ನೆರವಿನ ಹೆಸರಿನಲ್ಲಿ ಓದನ್ನೇ ತಡೆಯುವ ಈ ಷರತ್ತು ಕೂಡ ಒಪ್ಪುವಂಥದ್ದಲ್ಲ.

ಸೀಟಿನ ಆಯ್ಕೆ ನೆರವಿನ ಅರ್ಧ ಭಾಗವನ್ನು ನಿರ್ಧರಿಸುತ್ತದೆ. ಪರೀಕ್ಷೆಯ ಗೊಡವೆಯೇ ಬೇಡ, ನೇರವಾಗಿ ಆಡಳಿತ ಮಂಡಳಿಯ ಕೋಟಾದಲ್ಲಿ ಸೇರಿಸುತ್ತೇವೆ, ವಿದ್ಯಾರ್ಥಿವೇತನ ತಾನಾಗಿಯೇ ಬರುತ್ತದೆ ಎಂದು ಭರವಸೆ ಕೊಟ್ಟ ಮಧ್ಯವರ್ತಿಗಳು ನಗರದಲ್ಲಿ ನನಗೂ ಸಿಕ್ಕಿದ್ದರು. ಹಿಂದುಳಿದ ವರ್ಗಗಳ ಶುಲ್ಕ ವಿನಾಯಿತಿ ಆ ಕೋಟಾದವರಿಗೆ ಸಿಗುವುದಿಲ್ಲ. ಆದ್ದರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆದು, ಆಯ್ಕೆಯ ಪಟ್ಟಿಯಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯವನ್ನು ಮೊದಲು ಇಟ್ಟು, ಖಾಸಗಿ ಕಾಲೇಜುಗಳನ್ನು ಅದರ ನಂತರ ನಮೂದಿಸಿದೆ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಿದರಷ್ಟೇ ಪ್ರವೇಶ ಪತ್ರ ಸಿಗುತ್ತದೆ, ಅದಕ್ಕೆ ಇರುವ ಗಡುವು ಕೆಲವೇ ದಿನಗಳದ್ದು. ಭವಿಷ್ಯ ನಿಧಿಯ ಹಣ ಉಪಯೋಗಕ್ಕೆ ಬಂದದ್ದು ಆಗ.

ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎಂದು ಕರೆಯುವಲ್ಲಿ, ಅರ್ಜಿ ತುಂಬುವುದು ಕಷ್ಟವಲ್ಲ. ಅದಕ್ಕೆ ಮುಂಚಿನ ಸಿದ್ಧತೆಯೇ ಹೆಚ್ಚು ಸಮಯ ಬೇಡುತ್ತದೆ. ಕೆಲಸ ಮಾಡಿ ಬಂದವರಿಗೆ ಎರಡು ತೊಡಕುಗಳು ವಿಶೇಷವಾಗಿ ಎದುರಾಗುತ್ತವೆ. ಮೊದಲನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ಐದು ವರ್ಷ ಮಾನ್ಯವಾಗಿದ್ದ ನನ್ನ ಹಳೆಯ ಪತ್ರದ ಅವಧಿ ಕೆಲಸದಲ್ಲಿದ್ದಾಗಲೇ ಮುಗಿದಿತ್ತು. ನಾಡಕಚೇರಿಯಲ್ಲಿ ಹೊಸ ಅರ್ಜಿ ಕೊಟ್ಟಾಗ ವಿಚಾರಣೆಗೆ ಬಂದ ಗ್ರಾಮ ಆಡಳಿತ ಅಧಿಕಾರಿಯವರು, “ನೀವು ದಾವಣಗೆರೆಯಲ್ಲಿ ಕೆಲಸದಲ್ಲಿದ್ದೀರಲ್ಲಮ್ಮ, ಸಂಬಳ ಎಷ್ಟು?” ಎಂದೇ ಕೇಳಿದರು. ಕೇಳುವುದು ಅವರ ಕರ್ತವ್ಯವೇ. ಕೆಲಸದಿಂದ ಬಿಡುಗಡೆಯಾದ ಪತ್ರವನ್ನೂ, ನಂತರ ಸಂಬಳ ಜಮಾ ಆಗಿಲ್ಲವೆಂದು ತೋರಿಸುವ ಬ್ಯಾಂಕ್ ವಿವರವನ್ನೂ ಮೊದಲೇ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೆನಾದ್ದರಿಂದ ವರದಿ ಅಲ್ಲಿಯೇ ಮುಗಿಯಿತು. ಹೊಸ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಎಸ್‌ಎಸ್‌ಪಿ ಕೇಳುತ್ತದೆ, ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಬೇಕು.

ಎರಡನೆಯದು ಬ್ಯಾಂಕ್ ಖಾತೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅರ್ಜಿಯಲ್ಲಿ ನಾವು ಯಾವ ಖಾತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇವೆ ಎಂಬುದು ಮುಖ್ಯವಲ್ಲ. ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ದಾಖಲೆಯಲ್ಲಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಸರ್ಕಾರದ ಹಣ ಅಲ್ಲಿಗೇ ಹೋಗುತ್ತದೆ. ನನ್ನ ಆಧಾರ್ ಸಂಬಳದ ಖಾತೆಗೆ ಜೋಡಣೆಯಾಗಿತ್ತು. ಸಂಬಳ ನಿಂತ ಮೇಲೆ ಆ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಗಿ, ಕನಿಷ್ಠ ಮೊತ್ತವಿಲ್ಲವೆಂದು ದಂಡ ಕಡಿತವಾಗತೊಡಗಿತ್ತು. ವಿದ್ಯಾರ್ಥಿವೇತನ ಅಲ್ಲಿಗೆ ಬಂದಿದ್ದರೆ ಮೊದಲ ಪಾಲು ಬ್ಯಾಂಕಿನದೇ ಆಗುತ್ತಿತ್ತು. ಹಾಗಾಗಿ ಶೂನ್ಯ ಶಿಲ್ಕಿನ ಖಾತೆಯೊಂದನ್ನು ತೆರೆದು, ಆಧಾರ್ ಜೋಡಣೆಯನ್ನು ಅದಕ್ಕೆ ಬದಲಾಯಿಸಿಕೊಂಡು, ಆಧಾರ್ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಲ್ಲಿ ಖಚಿತಪಡಿಸಿಕೊಂಡ ನಂತರವೇ ಅರ್ಜಿ ಸಲ್ಲಿಸಿದೆ. ದಾಖಲೆಗಳ ಇ-ದೃಢೀಕರಣವನ್ನು ವಿಶ್ವವಿದ್ಯಾನಿಲಯದ ನಮ್ಮ ವಿಭಾಗದಲ್ಲಿ ಮಾಡಿಕೊಟ್ಟರು.

ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ವರ್ಷಕ್ಕೆ 11,000 ರೂಪಾಯಿ ನಿಗದಿಯಾಗಿತ್ತು. ಇದು ತಂದೆಯ ಫ್ರೂಟ್ಸ್ ಸಂಖ್ಯೆಯನ್ನು, ಅಂದರೆ ಸರ್ಕಾರದ ರೈತರ ನೋಂದಣಿ ತಂತ್ರಾಂಶದಲ್ಲಿ ಸಿಗುವ ಸಂಖ್ಯೆಯನ್ನು, ಅವಲಂಬಿಸಿತ್ತು. ನಮ್ಮ ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇತ್ತು. ಅಪ್ಪನ ಹೆಸರಿಗೆ ಪೌತಿ ಖಾತೆಯಾಗಲು ಅತ್ತೆಯಂದಿರ, ಚಿಕ್ಕಪ್ಪಂದಿರ ಒಪ್ಪಿಗೆ ಬೇಕಾಯಿತು. ಹಬ್ಬಕ್ಕೆ ಎಲ್ಲರೂ ಊರಿಗೆ ಸೇರಿದಾಗ ಕುಳಿತು ಮಾತನಾಡಿದೆವು. ಅದು ಮುಗಿದು, ರೈತ ಸಂಪರ್ಕ ಕೇಂದ್ರದಲ್ಲಿ ನೋಂದಣಿಯಾಗಿ, ಹಣ ಬರುವ ಹೊತ್ತಿಗೆ ನಾನು ಎರಡನೇ ವರ್ಷದಲ್ಲಿದ್ದೆ. ಓದುವ ಮಕ್ಕಳಿರುವ ಮನೆಯವರು ಪೌತಿ ಖಾತೆಯನ್ನು ಪ್ರವೇಶಕ್ಕೆ ಒಂದು ವರ್ಷ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಕೊರತೆ ಬಿದ್ದರೆ ಸಾಲ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುವಂತಿಲ್ಲ, ಆದರೆ ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಬೇಕು; ಅರ್ಜಿಯನ್ನು ವಿದ್ಯಾಲಕ್ಷ್ಮಿ ತಾಣದ ಮೂಲಕ ಹಾಕಿದರೆ ಅದರ ಸ್ಥಿತಿ ದಾಖಲೆಯಲ್ಲಿ ಉಳಿಯುತ್ತದೆ. ನಾನು ಬ್ಯಾಂಕಿಗಿಂತ ಮೊದಲು ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಸಾಲಕ್ಕೆ ಅರ್ಜಿ ಹಾಕಿದೆ, ಏಕೆಂದರೆ ಅದರ ಬಡ್ಡಿ ಶೇ. 2 ಮಾತ್ರ, ಮತ್ತು ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತದೆ. ವಿಶ್ವವಿದ್ಯಾನಿಲಯದ ಶುಲ್ಕಕ್ಕೆ ಅಷ್ಟು ಬೇಕಾಗಲಿಲ್ಲ. ಅಗತ್ಯವಿದ್ದಷ್ಟಕ್ಕೇ ಮಂಜೂರು ಮಾಡಿಸಿಕೊಂಡು, ಉಳಿದ ಖರ್ಚಿಗೆ ಸಂಜೆಯ ಹೊತ್ತು ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಜಿಎಸ್‌ಟಿ ಲೆಕ್ಕ ಬರೆಯುವ ಕೆಲಸವನ್ನು ಹಿಡಿದೆ.